ಓಡ್ತಿರೋ ಸರ್ವರನ್ನ ನಿಲ್ಲಿಸಿ ನೋಡೋದು: ಜಾವಾ ವೆಬ್ ಆ್ಯಪ್ ಡೀಬಗ್ಗಿಂಗ್‌ನ ಕಥೆ



ಮೈಸೂರು ರಸ್ತೆಯ ಸ್ಯಾಟಲೈಟ್ ಬಸ್ ನಿಲ್ದಾಣದಿಂದ ಊರಿಗೆ ಹೋಗೋಕೆ ಆನ್‌ಲೈನ್‌ನಲ್ಲಿ ಕೆಎಸ್‌ಆರ್‌ಟಿಸಿ ಸೀಟು ಬುಕ್ ಮಾಡಿದೋರು ವಿಜಯನಗರ, ಕೆಂಗೇರಿ ಕಡೆ ಮನೆಗೊಬ್ಬರಾದ್ರೂ ಸಿಗ್ತಾರೆ. ಕಿಟಕಿ ಪಕ್ಕದ ಸೀಟು ಖಾಲಿ ಇದೆಯಾ, ಹತ್ತೋ ಜಾಗ ಯಾವುದು, ದರ ಎಷ್ಟು, ಇಷ್ಟನ್ನ ಎಲ್ಲರೂ ನೋಡ್ತಾರೆ. ಬ್ರೌಸರ್‌ನ ಮೇಲುಗಡೆ ಇರೋ ವಿಳಾಸದ ಸಾಲನ್ನ ಓದೋರು ಕಡಿಮೆ. ಹಲವು ವರ್ಷ ಆ ಸಾಲಿನಲ್ಲಿ ಕೆಎಸ್‌ಆರ್‌ಟಿಸಿ ಡಾಟ್ ಇನ್ ಆದ್ಮೇಲೆ ಒಂದು ಓರೆಗೆರೆ, ಅದಾದ್ಮೇಲೆ ‘ಒಪಿಆರ್‌ಎಸ್-ವೆಬ್’, ಕೊನೆಗೆ ‘ಹೋಮ್ ಡಾಟ್ ಡು’ ಅಂತ ಇರ್ತಿತ್ತು. ಆಂಧ್ರದ ಬಸ್ಸು ಬೇಕು ಅಂತ ಅವರ ಜಾಲತಾಣಕ್ಕೆ ಹೋದ್ರೂ ಅದೇ ‘ಒಪಿಆರ್‌ಎಸ್-ವೆಬ್’. ಸೇವಾ ಸಿಂಧುವಿನಲ್ಲಿ ಅರ್ಜಿ ಹಾಕೋಕೆ ಕೂತ್ರೆ ವಿಳಾಸದಲ್ಲಿ ‘ಡೈರೆಕ್ಟ್ ಅಪ್ಲೈ ಡಾಟ್ ಡು’.

ಜಾವಾದಲ್ಲಿ ಕೆಲಸ ಮಾಡಿದೋರಿಗೆ ಇಷ್ಟು ಸಾಕು, ಇದು ನಮ್ಮ ಪೈಕಿ ಅಂತ ಗುರುತು ಹಿಡೀತಾರೆ. ಜಾವಾ ವೆಬ್ ಆ್ಯಪನ್ನ ಒಂದೇ ಕಡತವಾಗಿ ಕಟ್ಟಿ ಸರ್ವರ್‌ಗೆ ಕೊಡೋದು ರೂಢಿ. ಅದಕ್ಕೆ ವಾರ್ ಫೈಲ್ ಅಂತಾರೆ. ಯುದ್ಧಕ್ಕೂ ಇದಕ್ಕೂ ಸಂಬಂಧ ಇಲ್ಲ, ಕಡತದ ಹೆಸರಿನ ಬಾಲ ಹಾಗಿದೆ ಅಷ್ಟೆ. ಟಾಮ್‌ಕ್ಯಾಟ್‌ನಂಥ ಸರ್ವರ್‌ಗೆ ನೀವು ಯಾವ ಹೆಸರಿನ ವಾರ್ ಕೊಡ್ತೀರೋ ಆ ಹೆಸರೇ ವಿಳಾಸದಲ್ಲಿ ಬಂದು ಕೂತ್ಕೊಳ್ಳುತ್ತೆ. ‘ಡಾಟ್ ಡು’ ಅನ್ನೋದು 2000ನೇ ಇಸವಿಯಲ್ಲಿ ಅಪಾಚೆ ಸಂಸ್ಥೆಗೆ ಬಂದ ಸ್ಟ್ರಟ್ಸ್ ಎಂಬ ಚೌಕಟ್ಟು ಬಿಟ್ಟುಹೋದ ಅಭ್ಯಾಸ. ಸ್ಟ್ರಟ್ಸ್ ಮೂಲೆ ಸೇರಿ ಎಷ್ಟೋ ವರ್ಷ ಆಯ್ತು, ಬಾಲ ಮಾತ್ರ ನಮ್ಮ ಸರ್ಕಾರಿ ಅರ್ಜಿಗಳಲ್ಲಿ ಇನ್ನೂ ಅಲ್ಲಾಡ್ತಾ ಇದೆ.

ಈಗ ಒಂದು ಸನ್ನಿವೇಶ ಅಂದ್ಕೊಳ್ಳಿ. ದಸರಾ ರಜೆಯ ಹಿಂದಿನ ದಿನ. ಒಂದೇ ಸೀಟು ಇಬ್ಬರಿಗೆ ಖಾಲಿ ಅಂತ ತೋರಿಸ್ತಿದೆ. ಎಲ್ಲೋ ಒಂದು ಸಾಲಿನಲ್ಲಿ ತಪ್ಪಿದೆ. ಆ ತಪ್ಪು ನಡೆಯೋದು ಸೆಕೆಂಡಿನ ಸಾವಿರದ ಒಂದು ಭಾಗದಲ್ಲಿ, ಅದೂ ಎಲ್ಲೋ ಇರೋ ಯಂತ್ರದ ಒಳಗೆ, ಸಾವಿರಾರು ಜನ ಅದೇ ಹೊತ್ತಿಗೆ ಅದನ್ನ ಬಳಸ್ತಿರುವಾಗ. ಪ್ರೋಗ್ರಾಮರ್ ಅದನ್ನ ನೋಡೋದು ಹೇಗೆ? ವೆಬ್ ಆ್ಯಪ್ ಅನ್ನೋದು ನಿಲ್ಲಬಾರದು ಅಂತಲೇ ಕಟ್ಟಿದ್ದು. ಡೀಬಗರ್ ಅನ್ನೋದು ನಿಲ್ಲಿಸಿ ನೋಡೋಕೆ ಅಂತಲೇ ಮಾಡಿದ್ದು. ಈ ಎರಡಕ್ಕೂ ಆದ ಕೂಡಿಕೆ, ಜಗಳ, ಮತ್ತೆ ರಾಜಿ, ಇದೇ ಇವತ್ತಿನ ಕಥೆ.

ನಿಲ್ಲಿಸೋ ಉಪಾಯ ಜಾವಾಗಿಂತ ಐವತ್ತು ವರ್ಷ ಹಳೇದು. ಫಿಲಡೆಲ್ಫಿಯಾದಲ್ಲಿ 1945ರಲ್ಲಿ ಎನಿಯಾಕ್ ಎಂಬ ಕಂಪ್ಯೂಟರ್ ಸಿದ್ಧ ಆಯ್ತು. ಅದಕ್ಕೆ ಪ್ರೋಗ್ರಾಮ್ ಬರೆಯೋದು ಅಂದ್ರೆ ಕೇಬಲ್‌ಗಳನ್ನ ಒಂದು ಕಡೆಯಿಂದ ಇನ್ನೊಂದು ಕಡೆಗೆ ಚುಚ್ಚೋದು. ಅದನ್ನ ನಡೆಸಿದ ಆರು ಜನ ಮಹಿಳೆಯರಲ್ಲಿ ಬೆಟ್ಟಿ ಹೋಲ್ಬರ್ಟನ್ ಒಬ್ಬರು. ಲೆಕ್ಕದ ಒಂದು ಹಂತದಲ್ಲಿ ಯಂತ್ರ ನಿಲ್ಲಲಿ, ಅಲ್ಲಿವರೆಗಿನ ಅಂಕಿ ನೋಡೋಣ ಅಂದ್ರೆ ಆ ಹಂತದ ಕೇಬಲನ್ನ ಕಿತ್ತು ಹಾಕೋದು. ಬ್ರೇಕ್‌ಪಾಯಿಂಟ್‌ನ ಕೀರ್ತಿಯನ್ನ ಸಾಮಾನ್ಯವಾಗಿ ಅವರಿಗೇ ಕೊಡ್ತಾರೆ. ಇವತ್ತು ರಾಜಾಜಿನಗರದ ಯಾವುದೋ ಪಿಜಿಯಲ್ಲಿ ಕೂತ ಹುಡುಗಿ ಕೋಡಿನ ಎಡಗಡೆ ಅಂಚಲ್ಲಿ ಎರಡು ಸಲ ಕ್ಲಿಕ್ ಮಾಡಿ ಒಂದು ಚುಕ್ಕೆ ಇಡ್ತಾಳಲ್ಲ, ಅದು ಆ ಕೇಬಲ್ ಕೀಳೋ ಕೆಲಸವೇ.

ಜಾವಾ ಹೊರಬಂದಿದ್ದು 1995ರ ಮೇ ತಿಂಗಳಲ್ಲಿ, ಸನ್ ಮೈಕ್ರೋಸಿಸ್ಟಮ್ಸ್‌ನಿಂದ. ಮೊದಮೊದಲು ಅದರ ಆಟ ಎಲ್ಲ ಬ್ರೌಸರ್ ಒಳಗಿನ ಆ್ಯಪ್ಲೆಟ್‌ಗಳಲ್ಲಿ. ಸರ್ವರ್ ಕಡೆಗೆ ಅದು ಕಾಲಿಟ್ಟಿದ್ದು 1997ರಲ್ಲಿ, ಬ್ರೌಸರ್‌ನ ಕೋರಿಕೆಗೆ ಉತ್ತರ ಕೊಡೋ ಸರ್ವ್‌ಲೆಟ್ ರೂಪದಲ್ಲಿ. ಎರಡು ವರ್ಷ ಬಿಟ್ಟು ಜೆಎಸ್‌ಪಿ ಬಂತು, ಅದೇ 1999ರ ಡಿಸೆಂಬರ್‌ನಲ್ಲಿ ಜೆ2ಇಇ. ಸನ್‌ನಲ್ಲಿದ್ದ ಜೇಮ್ಸ್ ಡಂಕನ್ ಡೇವಿಡ್ಸನ್ ಬರೆದ ಸರ್ವ್‌ಲೆಟ್ ಯಂತ್ರವನ್ನ ಕಂಪನಿ ಅದೇ ವರ್ಷ ಅಪಾಚೆಗೆ ಕೊಟ್ಟುಬಿಡ್ತು. ಅದೇ ಟಾಮ್‌ಕ್ಯಾಟ್. ತನ್ನನ್ನ ತಾನೇ ನೋಡ್ಕೊಳ್ಳೋ ಪ್ರಾಣಿಯ ಹೆಸರಿರಲಿ ಅಂತ ಗಂಡುಬೆಕ್ಕಿನ ಹೆಸರು ಇಟ್ಟರಂತೆ. ಓ’ರೈಲಿ ಪ್ರಕಾಶನದವರು ಪುಸ್ತಕದ ಮುಖಪುಟಕ್ಕೆ ಪ್ರಾಣಿ ಚಿತ್ರ ಹಾಕ್ತಾರಲ್ಲ, ಅದರ ಮೇಲೂ ಅವರಿಗೆ ಕಣ್ಣಿತ್ತು. ಕೊನೆಗೆ ಟಾಮ್‌ಕ್ಯಾಟ್ ಪುಸ್ತಕ ಬಂದಾಗ ಮುಖಪುಟದಲ್ಲಿ ಹಿಮಚಿರತೆ ಕೂತಿತ್ತು.

ಆ ಕಾಲದಲ್ಲಿ ಒಂದು ಸಾಲು ಬದಲಾಯಿಸಿ ಅದರ ಫಲ ನೋಡ್ಬೇಕಾದ್ರೆ ಏನೆಲ್ಲ ಮಾಡ್ಬೇಕಿತ್ತು, ನೋಡಿ. ಕೋಡನ್ನ ನೋಟ್‌ಪ್ಯಾಡಿನಲ್ಲೋ ಎಡಿಟ್‌ಪ್ಲಸ್‌ನಲ್ಲೋ ತಿದ್ದಬೇಕು. ಕಪ್ಪು ಪರದೆಗೆ ಹೋಗಿ ಕಂಪೈಲ್ ಮಾಡ್ಬೇಕು. ಕ್ಲಾಸ್‌ಪಾತ್ ತಪ್ಪಿದ್ರೆ ಅಲ್ಲೇ ಅರ್ಧ ಗಂಟೆ ಹೋಯ್ತು. ಆಮೇಲೆ ಕ್ಲಾಸ್ ಕಡತವನ್ನ ಟಾಮ್‌ಕ್ಯಾಟ್‌ನ ವೆಬ್‌ಆ್ಯಪ್ಸ್ ಫೋಲ್ಡರ್ ಒಳಗೆ, ಅದರೊಳಗಿನ ವೆಬ್-ಇನ್ಫ್ ಒಳಗೆ, ಅದರೊಳಗಿನ ಕ್ಲಾಸಸ್ ಒಳಗೆ ಹಾಕ್ಬೇಕು. ಸರ್ವರ್ ನಿಲ್ಲಿಸಿ ಮತ್ತೆ ಚಾಲೂ ಮಾಡ್ಬೇಕು. ಬ್ರೌಸರ್‌ನಲ್ಲಿ ಮತ್ತೆ ಲಾಗಿನ್ ಆಗ್ಬೇಕು, ಯಾಕಂದ್ರೆ ಸರ್ವರ್ ಜೊತೆ ಸೆಷನ್ನೂ ಹೋಗಿರ್ತಿತ್ತು. ತಪ್ಪು ಇದ್ದ ಪುಟಕ್ಕೆ ಮತ್ತೆ ನಡ್ಕೊಂಡು ಬರ್ಬೇಕು. ಇಷ್ಟೆಲ್ಲ ಆದ್ಮೇಲೆ ಕಾಣೋದು 500 ಅಂತ ಒಂದು ಅಂಕಿ, ಅದರ ಕೆಳಗೆ ಉದ್ದ ಸ್ಟಾಕ್ ಟ್ರೇಸ್, ಮೊದಲ ಸಾಲಿನಲ್ಲೇ ನಲ್ ಪಾಯಿಂಟರ್ ಎಕ್ಸೆಪ್ಶನ್.

ಆಗ ಇದ್ದ ಆಯುಧ ಒಂದೇ. ನಮ್ಮ ಹುಡುಗ್ರ ಬಾಯಲ್ಲಿ ಅದು ಸಿಸೌಟ್. ಅನುಮಾನ ಬಂದ ಜಾಗದಲ್ಲೆಲ್ಲ ‘ಇಲ್ಲಿ ಬಂತು’, ‘ಇಲ್ಲೂ ಬಂತು’ ಅಂತ ಮುದ್ರಿಸೋ ಸಾಲು ಸೇರಿಸೋದು. ಯಾವ ಸಾಲು ಕನ್ಸೋಲ್‌ನಲ್ಲಿ ಕಾಣಲಿಲ್ಲವೋ ಅದರ ಮೇಲುಗಡೆ ತಪ್ಪಿದೆ ಅಂತ ಲೆಕ್ಕ. ಜಾವಾ ಜೊತೆ ಮೊದಲಿನಿಂದಲೂ ಜೆಡಿಬಿ ಅನ್ನೋ ಡೀಬಗರ್ ಇತ್ತು, ಆದ್ರೆ ಕಪ್ಪು ಪರದೆಯಲ್ಲಿ ಆಜ್ಞೆ ಟೈಪ್ ಮಾಡ್ತಾ ಸರ್ವರ್ ಒಳಗೆ ಇಳಿಯೋ ತಾಳ್ಮೆ ಇದ್ದೋರು ಎಷ್ಟು ಜನ? ಸಿಸೌಟನ್ನ ಈಗಿನೋರು ಆಡ್ಕೊಳ್ತಾರೆ. ಸ್ವಲ್ಪ ತಡೀರಿ, ಅದು ಈ ಕಥೆಯಲ್ಲಿ ಬೇರೆ ವೇಷ ಹಾಕ್ಕೊಂಡು ಮತ್ತೆ ಬರುತ್ತೆ.

ಇನ್ನು ತಿರುವಿಗೆ ಬರೋಣ. ಕೆನಡಾದ ಆಟವಾದಲ್ಲಿ ಒಟಿಐ ಅಂತ ಒಂದು ಸಣ್ಣ ಕಂಪನಿ ಇತ್ತು. ಸ್ಮಾಲ್‌ಟಾಕ್ ಭಾಷೆಯಲ್ಲಿ ಪಳಗಿದ ಜನ. 1996ರಲ್ಲಿ ಐಬಿಎಂ ಅದನ್ನ ಕೊಂಡ್ಕೊಳ್ತು. ಸ್ಮಾಲ್‌ಟಾಕ್ ಮಂದಿಗೆ ಒಂದು ಹಳೇ ಸುಖದ ಅಭ್ಯಾಸ: ಪ್ರೋಗ್ರಾಮ್ ಓಡ್ತಿರುವಾಗಲೇ ಅದನ್ನ ತಡೆದು, ಕೋಡು ತಿದ್ದಿ, ಅಲ್ಲಿಂದಲೇ ಮುಂದುವರಿಸೋದು. 1997ರಲ್ಲಿ ಬಂದ ಅವರ ಕೋಡು ಬರೆಯೋ ತಂತ್ರಾಂಶ ವಿಷುಯಲ್‌ಏಜ್ ಫಾರ್ ಜಾವಾ ಅದೇ ಸುಖವನ್ನ ಜಾವಾಕ್ಕೆ ತಂತು. ಮುಂದಿನ ಆವೃತ್ತಿಗಳಲ್ಲಿ ವೆಬ್‌ಸ್ಫಿಯರ್ ಸರ್ವರ್‌ನ ಒಂದು ಪರೀಕ್ಷಾ ರೂಪ ಆ ತಂತ್ರಾಂಶದ ಒಳಗೇ ಓಡ್ತಿತ್ತು. ಅಂದ್ರೆ ಸರ್ವರ್ ಇರೋ ಕಡೆಗೆ ಪ್ರೋಗ್ರಾಮರ್ ಹೋಗೋದಲ್ಲ, ಸರ್ವರ್ರೇ ಪ್ರೋಗ್ರಾಮರ್‌ನ ಮೇಜಿಗೆ ಬಂತು. ನನ್ನ ಪ್ರಕಾರ ಈ ಇಡೀ ಇತಿಹಾಸದಲ್ಲಿ ದೊಡ್ಡ ಹೆಜ್ಜೆ ಇದೇ. ಉಳಿದಿದ್ದು ಅದನ್ನ ಅಗ್ಗ ಮಾಡಿದ್ದು, ಸುಲಭ ಮಾಡಿದ್ದು.

ಅಗ್ಗ ಮಾಡಿದ್ದು ಎಕ್ಲಿಪ್ಸ್ ಅನ್ನೋ ಅಂಥದ್ದೇ ತಂತ್ರಾಂಶ. 2001ರ ನವೆಂಬರ್‌ನಲ್ಲಿ ಐಬಿಎಂ, 4 ಕೋಟಿ ಡಾಲರ್ ಬೆಲೆಬಾಳೋದು ಅಂತ ಹೇಳ್ಕೊಂಡು, ಅದರ ಕೋಡನ್ನೆಲ್ಲ ಮುಕ್ತವಾಗಿ ಕೊಟ್ಟಿತು. ವಿಷುಯಲ್‌ಏಜ್ ಬರೆದ ಒಟಿಐ ಜನರೇ ಇದನ್ನೂ ಬರೆದಿದ್ದು. ಅದೇ ವರ್ಷದ ಜನವರಿಯಲ್ಲಿ ಅದೇ ಜಾತಿಯ ಇನ್ನೊಂದು, ಜೆಟ್‌ಬ್ರೇನ್ಸ್‌ನ ಇಂಟೆಲಿಜೆ ಬಂದಿತ್ತು. ಪ್ರಾಗ್ ನಗರದ ವಿದ್ಯಾರ್ಥಿಗಳ ಪ್ರಾಜೆಕ್ಟ್ ಆಗಿ 1996ರಲ್ಲಿ ಶುರುವಾದ ನೆಟ್‌ಬೀನ್ಸ್ ಸನ್ ಕೈಸೇರಿ 2000ದಲ್ಲೇ ಮುಕ್ತ ಆಗಿತ್ತು. ಆದ್ರೆ ಬೆಂಗಳೂರಿನ ಕಂಪನಿ, ಕಾಲೇಜು, ತರಬೇತಿ ಕೋಣೆಗಳನ್ನ ಹೊಕ್ಕು ಕೂತಿದ್ದು ಎಕ್ಲಿಪ್ಸ್. ದುಡ್ಡು ಕೊಡ್ಬೇಕಾಗಿರಲಿಲ್ಲ ಅನ್ನೋದು ಸಣ್ಣ ಕಾರಣ ಅಲ್ಲ.

ಇಲ್ಲಿ ನಮ್ಮೂರಿಗೆ ಸಂಬಂಧಪಟ್ಟ ಒಂದು ಸಂಗತಿ ಹೇಳ್ಲೇಬೇಕು. 2010ರ ದಶಕದಲ್ಲಿ ಎಕ್ಲಿಪ್ಸ್‌ನ ಜಾವಾ ಕಂಪೈಲರ್, ಅದರ ಡೀಬಗರ್ ಭಾಗ, ಇವನ್ನೆಲ್ಲ ನೋಡ್ಕೊಳ್ತಿದ್ದ ತಂಡದ ದೊಡ್ಡ ಪಾಲು ಬೆಂಗಳೂರಿನ ಐಬಿಎಂನಲ್ಲಿ ಕೂತಿತ್ತು. 2014ರಲ್ಲಿ ಜಾವಾ 8 ಬಂದು ಲ್ಯಾಂಬ್ಡಾ ಅನ್ನೋ ಹೊಸ ಬರವಣಿಗೆ ಶುರುವಾದಾಗ ಎಕ್ಲಿಪ್ಸ್‌ಗೆ ಅದನ್ನ ಕಲಿಸೋ ಕೆಲಸದ ಭಾರ ಬಿದ್ದಿದ್ದು ಈ ಊರಿನ ಜನರ ಮೇಲೆ. ಬ್ರೆಜಿಲ್‌ನಲ್ಲೋ ಜರ್ಮನಿಯಲ್ಲೋ ಒಬ್ಬ ಎಫ್6 ಒತ್ತಿ ಮುಂದಿನ ಸಾಲಿಗೆ ಹೋಗ್ತಿದ್ದ. ಅದು ಸರಿಯಾಗಿ ನಡೆಯೋ ಹಾಗೆ ನೋಡ್ಕೊಂಡೋರು ಸಂಜೆ ಔಟರ್ ರಿಂಗ್ ರೋಡ್ ಟ್ರಾಫಿಕ್ಕಿನಲ್ಲಿ ನಿಂತಿದ್ರು. ಬೆಂಗಳೂರು ಅಂದ್ರೆ ಬೇರೆಯವರ ಕೋಡು ರಿಪೇರಿ ಮಾಡೋ ಊರು ಅಂತ ಹಗುರವಾಗಿ ಮಾತಾಡೋರಿಗೆ ಈ ವಿಷಯ ಗೊತ್ತಿರಲ್ಲ.

ಸರಿ, ಎಕ್ಲಿಪ್ಸ್ ನಿಮ್ಮ ಮೇಜಿನ ಮೇಲಿದೆ. ಟಾಮ್‌ಕ್ಯಾಟೂ ಇದೆ. ಇವೆರಡೂ ಮಾತಾಡೋದು ಹೇಗೆ? ಅದಕ್ಕೆ 2000ದಲ್ಲಿ ಜಾವಾ 1.3ರ ಜೊತೆ ಒಂದು ವ್ಯವಸ್ಥೆ ಬಂದಿತ್ತು, ಹೆಸರು ಜೆಪಿಡಿಎ. ಡೀಬಗರ್ ಬೇರೆ, ಓಡ್ತಿರೋ ಪ್ರೋಗ್ರಾಮ್ ಬೇರೆ, ಎರಡರ ಮಧ್ಯೆ ಒಂದು ನೆಟ್‌ವರ್ಕ್ ಸಂಪರ್ಕ. ಟಾಮ್‌ಕ್ಯಾಟನ್ನ ಜೆಪಿಡಿಎ ಅನ್ನೋ ಪದ ಸೇರಿಸಿ ಚಾಲೂ ಮಾಡಿದ್ರೆ ಅದು 8080ರಲ್ಲಿ ಬ್ರೌಸರ್‌ಗೆ ಪುಟ ಕೊಡ್ತಾ, 8000ನೇ ಪೋರ್ಟಿನಲ್ಲಿ ಡೀಬಗರ್ ಬರುತ್ತೇನೋ ಅಂತ ಕಾಯುತ್ತೆ. ಎಕ್ಲಿಪ್ಸ್ ಆ ಬಾಗಿಲು ತಟ್ಟಿ ಒಳಗೆ ಹೋಗಿ, ‘ಇಂಥ ಕ್ಲಾಸಿನ ಇಂಥ ಸಾಲು ಬಂದಾಗ ನಿಲ್ಲು’ ಅಂತ ಹೇಳುತ್ತೆ. ಜಾವಾ ಯಂತ್ರ ನಿಲ್ಲುತ್ತೆ, ನಿಂತೆ ಅಂತ ಸುದ್ದಿ ಕೊಡುತ್ತೆ. ಎಕ್ಲಿಪ್ಸ್‌ನಲ್ಲಿ ಆ ಸಾಲಿಗೆ ಹಸಿರು ಬಣ್ಣ ಬರುತ್ತೆ, ಪಕ್ಕದಲ್ಲಿ ಯಾವ ವೇರಿಯಬಲ್‌ನಲ್ಲಿ ಏನಿದೆ ಅಂತ ಪಟ್ಟಿ. ಎಫ್5 ಒತ್ತಿದ್ರೆ ಮೆಥಡ್ ಒಳಗೆ, ಎಫ್6 ಒತ್ತಿದ್ರೆ ಮುಂದಿನ ಸಾಲಿಗೆ, ಎಫ್7 ಒತ್ತಿದ್ರೆ ಹೊರಗೆ, ಎಫ್8 ಒತ್ತಿದ್ರೆ ಬಿಟ್ಟು ಕಳಿಸೋದು. ಇವತ್ತಿಗೂ ಒಳಗಿನ ಕೆಲಸ ಇದೇ. ಮೇಲಿನ ಬಣ್ಣ ಬೇರೆ ಆಗಿದೆ.

ನಿಲ್ಲೋದು ಅಂದ್ನಲ್ಲ, ಪೂರ್ತಿ ಸರ್ವರ್ ನಿಲ್ಲುತ್ತಾ? ಇಲ್ಲೇ ಸೊಗಸು ಇರೋದು. ಟಾಮ್‌ಕ್ಯಾಟ್ ಒಳಗೆ ಬರೋ ಪ್ರತಿ ಕೋರಿಕೆಗೂ ಒಂದು ಥ್ರೆಡ್ ಸಿಗುತ್ತೆ. ಏನೂ ತಿದ್ದದೇ ಬಿಟ್ರೆ ಗರಿಷ್ಠ 200 ಥ್ರೆಡ್. ಬ್ರೇಕ್‌ಪಾಯಿಂಟ್ ತಡೆಯೋದು ಆ ಸಾಲಿಗೆ ಬಂದ ಒಂದು ಥ್ರೆಡ್ಡನ್ನ ಮಾತ್ರ. ದೊಡ್ಡ ಹೋಟೆಲ್‌ನಲ್ಲಿ ಒಬ್ಬ ಸಪ್ಲೈಯರ್‌ನ ತಡೆದು ಮಾತಾಡಿಸಿದ್ರೆ ಉಳಿದೋರು ದೋಸೆ ಹಿಡ್ಕೊಂಡು ಓಡಾಡ್ತಾನೇ ಇರ್ತಾರಲ್ಲ, ಹಾಗೆ. ಆದ್ರೆ ಇದು ಎಕ್ಲಿಪ್ಸ್‌ನ ಪದ್ಧತಿ. ಇಂಟೆಲಿಜೆಯಲ್ಲಿ ನೀವೇನೂ ಹೇಳದಿದ್ರೆ ಎಲ್ಲ ಥ್ರೆಡ್ಡೂ ಒಟ್ಟಿಗೆ ನಿಲ್ಲುತ್ತೆ. ಎಕ್ಲಿಪ್ಸ್ ಬಿಟ್ಟು ಇಂಟೆಲಿಜೆಗೆ ಹೋದೋರು ಇಬ್ಬರು ಸೇರಿ ಬಳಸೋ ಟೆಸ್ಟ್ ಸರ್ವರ್‌ಗೆ ಡೀಬಗರ್ ಸಿಕ್ಕಿಸಿದಾಗ, ‘ಸರ್ವರ್ ಹ್ಯಾಂಗ್ ಆಯ್ತು, ಯಾರ್ರೀ ಡೀಬಗ್ ಹಾಕಿರೋದು?’ ಅಂತ ಪಕ್ಕದ ಸಾಲಿನಿಂದ ಕೂಗು ಬರೋದು ಇದಕ್ಕೇ. ಬ್ರೇಕ್‌ಪಾಯಿಂಟ್ ಮೇಲೆ ಬಲ ಕ್ಲಿಕ್ ಮಾಡಿ ‘ಥ್ರೆಡ್’ ಅಂತ ಬದಲಾಯಿಸ್ಕೊಂಡ್ರೆ ಮುಗೀತು.

2002ರಲ್ಲಿ ಜಾವಾ 1.4 ಬಂದಾಗ ಇನ್ನೊಂದು ವರ ಸಿಕ್ತು. ನಿಂತಿರುವಾಗಲೇ ಕೋಡು ತಿದ್ದಿ ಸೇವ್ ಮಾಡಿದ್ರೆ ಓಡ್ತಿರೋ ಯಂತ್ರದೊಳಗೆ ಹೊಸ ಕೋಡು ಹೋಗಿ ಕೂತ್ಕೊಳ್ಳೋದು. ಇದಕ್ಕೆ ಹಾಟ್‌ಸ್ವಾಪ್ ಅಂತಾರೆ. ಸ್ಮಾಲ್‌ಟಾಕ್‌ನೋರ ಹಳೇ ಸುಖ, ಆದ್ರೆ ಅರ್ಧಂಬರ್ಧ: ಮೆಥಡ್‌ನ ಒಳಗಿನ ಸಾಲುಗಳನ್ನ ಬದಲಾಯಿಸಬಹುದು, ಹೊಸ ಮೆಥಡ್ ಸೇರಿಸೋ ಹಾಗಿಲ್ಲ, ಹೊಸ ಫೀಲ್ಡ್ ಸೇರಿಸೋ ಹಾಗಿಲ್ಲ. ಸೇರಿಸಿದ್ರೆ ‘ಹಾಟ್ ಕೋಡ್ ರಿಪ್ಲೇಸ್ ಫೇಲ್ಡ್’ ಅಂತ ಒಂದು ಪೆಟ್ಟಿಗೆ ಧುತ್ತಂತ ಬರುತ್ತೆ. ಆ ಕೊರತೆ ತುಂಬೋಕೆ ಅಂತಲೇ 2007ರಲ್ಲಿ ಎಸ್ಟೋನಿಯಾದ ಒಂದು ಕಂಪನಿ ಜಾವಾರೆಬೆಲ್ ಅನ್ನೋ ಸಾಧನ ಮಾಡಿ ಮಾರಿತು, ಮುಂದೆ ಅದೇ ಜೆರೆಬೆಲ್. ಹೊಸ ಕೋಡನ್ನ ಕಾಯದೇ ನೋಡೋದಕ್ಕೆ ಜನ ದುಡ್ಡು ಕೊಡ್ತಾರೆ ಅಂದ್ರೆ, ಕಾಯೋದು ಎಷ್ಟು ಬೇಸರದ್ದು ಅಂತ ಊಹಿಸ್ಕೊಳ್ಳಿ.

ಇನ್ನು ಎಕ್ಲಿಪ್ಸ್‌ನ ಹಸಿರು ರನ್ ಬಟನ್‌ಗೆ ಬರೋಣ. ಎಕ್ಲಿಪ್ಸ್‌ಗೆ ವೆಬ್ ಟೂಲ್ಸ್ ಅನ್ನೋ ಭಾಗದ ಮೊದಲ ಪೂರ್ಣ ಆವೃತ್ತಿ ಬಂದಿದ್ದು 2005ರ ಡಿಸೆಂಬರ್‌ನಲ್ಲಿ. ಅಲ್ಲಿಂದಾಚೆಗೆ ಪ್ರಾಜೆಕ್ಟ್ ಮೇಲೆ ಬಲ ಕ್ಲಿಕ್, ‘ರನ್ ಆನ್ ಸರ್ವರ್’, ಮುಗೀತು. ಪಕ್ಕದಲ್ಲೇ ಜಿರಳೆಯಂಥ ಪುಟ್ಟ ಹುಳದ ಚಿತ್ರ, ‘ಡೀಬಗ್ ಆನ್ ಸರ್ವರ್’. ವೆಬ್‌ಆ್ಯಪ್ಸ್ ಫೋಲ್ಡರ್ ಹುಡುಕೋದಿಲ್ಲ, ಪೋರ್ಟ್ 8000 ನೆನಪಿಡೋದಿಲ್ಲ.

ಇದೇ ಹೊತ್ತಿಗೆ ನಮ್ಮ ಪಶ್ಚಿಮ ಬೆಂಗಳೂರಿನಲ್ಲಿ ಜಾವಾ ಅನ್ನೋದು ಒಂದು ಬೀದಿ ವ್ಯವಹಾರ ಆಗಿತ್ತು. ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯದ ಪಠ್ಯದಲ್ಲಿ ‘ಜಾವಾ ಅಂಡ್ ಜೆ2ಇಇ’ ಅಂತ ವಿಷಯವೇ ಇತ್ತು. ಪಠ್ಯದಲ್ಲಿ ಓದಿದ್ದು ಇಂಟರ್‌ವ್ಯೂಗೆ ಸಾಲಲ್ಲ ಅಂತ ರಾಜಾಜಿನಗರದ ತರಬೇತಿ ಕೇಂದ್ರಗಳಿಗೆ ಹಾಸನ, ದಾವಣಗೆರೆ, ಕಲಬುರಗಿಯಿಂದ ಹುಡುಗ ಹುಡುಗೀರು ಬಂದು ಸೇರ್ತಿದ್ರು, ಈಗಲೂ ಸೇರ್ತಾರೆ. ಈ ಭಾಗದ ಬೀದಿಗಳಿಗೆ ಎರಡು ಬಗೆಯ ಕನಸು: ವಿಜಯನಗರದಲ್ಲಿ ಕೆಪಿಎಸ್‌ಸಿ ಪುಸ್ತಕ ಹಿಡಿದೋರು, ರಾಜಾಜಿನಗರದಲ್ಲಿ ಸರ್ವ್‌ಲೆಟ್ ನೋಟ್ಸ್ ಹಿಡಿದೋರು. ಎರಡೂ ಕಡೆ ಜೆರಾಕ್ಸ್ ಅಂಗಡಿಗೆ ಒಳ್ಳೇ ವ್ಯಾಪಾರ.

ಆ ಕ್ಲಾಸುಗಳಲ್ಲಿ ಕೂತೋರಿಗೆಲ್ಲ ಗೊತ್ತಿರೋ ಮೂರು ತೊಂದರೆ ಇವೆ. ಡೇಟಾಬೇಸ್ ಕಲಿಯೋಕೆ ಅಂತ ಲ್ಯಾಪ್‌ಟಾಪ್‌ಗೆ ಒರಾಕಲ್ 10ಜಿ ಎಕ್ಸ್‌ಇ ಹಾಕಿರ್ತಾರೆ. ವಾರ ಬಿಟ್ಟು ಟಾಮ್‌ಕ್ಯಾಟ್ ಹಾಕ್ತಾರೆ. ಹಸಿರು ಬಟನ್ ಒತ್ತಿದ್ರೆ ‘ಪೋರ್ಟ್ 8080 ಆಲ್ರೆಡಿ ಇನ್ ಯೂಸ್’. ಒರಾಕಲ್ ಎಕ್ಸ್‌ಇ ತನ್ನ ವೆಬ್ ಪುಟಕ್ಕೆ ಅದೇ 8080ನ್ನ ಮೊದಲೇ ಹಿಡ್ಕೊಂಡು ಕೂತಿರುತ್ತೆ. ಬಟನ್ ಒತ್ತೋದನ್ನ ಮಾತ್ರ ಕಲಿತ ಹುಡುಗ ಇಲ್ಲಿ ಲ್ಯಾಪ್‌ಟಾಪ್ ಫಾರ್ಮ್ಯಾಟ್ ಮಾಡೋಕೂ ಹೊರಡ್ತಾನೆ. ಪೋರ್ಟ್ ಅಂದ್ರೆ ಏನು ಅಂತ ಗೊತ್ತಿದ್ದೋನು ಸರ್ವರ್ ಮೇಲೆ ಎರಡು ಸಲ ಕ್ಲಿಕ್ ಮಾಡಿ 8080 ಇದ್ದ ಕಡೆ 8081 ಅಂತ ಬರೆದು ಮುಂದೆ ಹೋಗ್ತಾನೆ.

ಎರಡನೇದು ಇನ್ನೂ ಮಜಾ. ಆ್ಯಪ್ ಶುರುವಾಗುವಾಗ ಓಡೋ ಕೋಡಿನಲ್ಲಿ ಬ್ರೇಕ್‌ಪಾಯಿಂಟ್ ಇಟ್ಟು, ನಿಂತ ಸಾಲನ್ನ ನೋಡ್ತಾ ಯೋಚನೆ ಮಾಡ್ತಾ ಕೂತ್ರೆ, ‘45 ಸೆಕೆಂಡಿನೊಳಗೆ ಸರ್ವರ್ ಶುರುವಾಗಲಿಲ್ಲ’ ಅಂತ ಎಕ್ಲಿಪ್ಸ್ ಸರ್ವರನ್ನೇ ಕೈಬಿಡುತ್ತೆ. ನಿಲ್ಲಿಸಿದ್ದೂ ಅದರ ಡೀಬಗರ್ರೇ, ಯಾಕೆ ನಿಂತೆ ಅಂತ ಸಿಟ್ಟಾಗೋದೂ ಅದೇ! ಸರ್ವರ್ ಸೆಟ್ಟಿಂಗ್‌ನಲ್ಲಿ ಟೈಮ್‌ಔಟ್ ಅಂತ ಇರುತ್ತೆ, ಅದನ್ನ 450 ಮಾಡ್ಕೊಳ್ಳಿ.

ಮೂರನೇದು ನಿಜಕ್ಕೂ ಕಾಡೋದು. ಕೋಡು ತಿದ್ದಿದ್ದೀನಿ, ಸೇವ್ ಮಾಡಿದ್ದೀನಿ, ಬ್ರೌಸರ್‌ನಲ್ಲಿ ಹಳೇದೇ ಬರ್ತಿದೆ. ಕಾರಣ ಏನಂದ್ರೆ ಎಕ್ಲಿಪ್ಸ್ ನಿಮ್ಮ ಆ್ಯಪನ್ನ ಟಾಮ್‌ಕ್ಯಾಟ್‌ನ ವೆಬ್‌ಆ್ಯಪ್ಸ್‌ಗೆ ಹಾಕಲ್ಲ. ತನ್ನ ವರ್ಕ್‌ಸ್ಪೇಸ್‌ನ ಮೆಟಾಡೇಟಾ ಫೋಲ್ಡರ್‌ನೊಳಗೆ, ಅದರೊಳಗಿನ ಇನ್ನೊಂದರ ಒಳಗೆ, ಟಿಎಂಪಿ0 ಅನ್ನೋ ಫೋಲ್ಡರ್ ಕೆಳಗೆ ಡಬ್ಲ್ಯುಟಿಪಿ ವೆಬ್‌ಆ್ಯಪ್ಸ್ ಅಂತ ಬೇರೆ ಮನೆ ಮಾಡಿ ಅಲ್ಲಿಂದ ಓಡಿಸುತ್ತೆ. ಅಲ್ಲಿಗೆ ಹೊಸ ಕಡತ ಹೋಗದಿದ್ರೆ ನೀವು ಎಷ್ಟು ಸೇವ್ ಮಾಡಿದ್ರೂ ಅಷ್ಟೇ. ‘ಕ್ಲೀನ್’ ಕೊಟ್ಟು ಮತ್ತೆ ‘ಪಬ್ಲಿಷ್’ ಕೊಡಿ ಅನ್ನೋ ಮಂತ್ರ ಎಲ್ಲರಿಗೂ ಬಾಯಿಪಾಠ. ಮಂತ್ರ ಯಾಕೆ ಫಲಿಸುತ್ತೆ ಅಂತ ಗೊತ್ತಿದ್ದೋರು ಕಡಿಮೆ.

ಅದಕ್ಕೇ, ಮೊದಲ ಎರಡು ವಾರ ಎಕ್ಲಿಪ್ಸ್ ಮುಟ್ಟೋಕೆ ಬಿಡದೆ ನೋಟ್‌ಪ್ಯಾಡಿನಲ್ಲಿ ಸರ್ವ್‌ಲೆಟ್ ಬರೆಸಿ, ಕೈಯಾರೆ ಕಡತ ನಕಲು ಮಾಡಿಸ್ತಿದ್ದ ಮೇಷ್ಟ್ರುಗಳ ಬಗ್ಗೆ ನನಗೆ ಗೌರವ. ಹುಡುಗರು ಬೈಕೊಳ್ತಿದ್ರು. ಬಟನ್ ಕೈಕೊಟ್ಟ ದಿನ ಬಚಾವಾದೋರು ಅವರೇ.

ಈಗ ಮೆಟ್ರೋ ಹತ್ತಿ ಕೆಂಗೇರಿ ಕಡೆ ಹೋಗೋಣ. ನೇರಳೆ ಮಾರ್ಗ ಕೆಂಗೇರಿವರೆಗೆ ಬಂದಿದ್ದು 2021ರ ಆಗಸ್ಟ್ ಕೊನೆಗೆ. ಪಟ್ಟಣಗೆರೆ ನಿಲ್ದಾಣದ ಹತ್ತಿರ, ಆರ್.ವಿ. ಕಾಲೇಜಿನ ಮಗ್ಗುಲಲ್ಲಿ ಗ್ಲೋಬಲ್ ವಿಲೇಜ್ ಅನ್ನೋ ಟೆಕ್ ಪಾರ್ಕ್ ಇದೆ. ಕಾಫಿ ಡೇ ಬಳಗದ ಕೈಯಲ್ಲಿತ್ತು, ಆಮೇಲೆ ಬ್ಲಾಕ್‌ಸ್ಟೋನ್ ಮತ್ತು ಸತ್ವ ಕೊಂಡ್ಕೊಂಡ್ರು. ಐಟಿ ಅಂದ್ರೆ ವೈಟ್‌ಫೀಲ್ಡ್, ಎಲೆಕ್ಟ್ರಾನಿಕ್ ಸಿಟಿ ಅಂದ್ಕೊಂಡಿದ್ದ ಊರಿನ ಪಶ್ಚಿಮದ ತುದಿಯಲ್ಲಿ ದೊಡ್ಡದಾಗಿ ನೆಲೆ ಊರಿದ ಕಂಪನಿ ಮೈಂಡ್‌ಟ್ರೀ, 1999ರಲ್ಲಿ ಹುಟ್ಟಿದ್ದು. 2022ರವರೆಗೆ ಅದರ ಮುಖ್ಯ ಕಚೇರಿ ಇಲ್ಲೇ ಇತ್ತು. 2010ರಲ್ಲಿ ಅದಕ್ಕೆ ಸಿಕ್ಕ ಕೆಲಸ ಅಂದ್ರೆ ಆಧಾರ್‌ನ ತಂತ್ರಾಂಶ ಬರೆದು ನೋಡ್ಕೊಳ್ಳೋದು. ಆಧಾರ್ ಪ್ರಾಧಿಕಾರದ ತಂತ್ರಜ್ಞಾನ ಕೇಂದ್ರವೂ ಬೆಂಗಳೂರಿನಲ್ಲೇ. ಆಗ ಅದರ ಮುಖ್ಯ ಶಿಲ್ಪಿ ಆಗಿದ್ದೋರು ಪ್ರಮೋದ್ ವರ್ಮಾ.

ಮೊದಲ ಆಧಾರ್ ಸಂಖ್ಯೆ ಕೊಟ್ಟಿದ್ದು 2010ರ ಸೆಪ್ಟೆಂಬರ್ 29ಕ್ಕೆ, ಮಹಾರಾಷ್ಟ್ರದ ತೆಂಭ್ಲಿ ಗ್ರಾಮದಲ್ಲಿ. 2016ರ ಏಪ್ರಿಲ್‌ಗೆ 100 ಕೋಟಿ ದಾಟಿತು. ಐದೂವರೆ ವರ್ಷ ಅಂದ್ರೆ ಸುಮಾರು 2000 ದಿನ. ಭಾಗಿಸಿ ನೋಡಿ, ದಿನಕ್ಕೆ ಸರಾಸರಿ 5 ಲಕ್ಷ. ಒಬ್ಬೊಬ್ಬರ ಬೆರಳು, ಕಣ್ಣಿನ ಗುರುತನ್ನ ಅಲ್ಲಿವರೆಗೆ ಬಂದೋರ ಗುರುತುಗಳ ಜೊತೆ ಹೋಲಿಸಿ, ಎರಡು ಸಲ ಬಂದಿಲ್ಲ ಅಂತ ಖಾತ್ರಿ ಮಾಡ್ಕೊಂಡೇ ಸಂಖ್ಯೆ ಕೊಡ್ಬೇಕು. ಇದರ ಹೆಚ್ಚಿನ ಭಾಗ ಜಾವಾ, ಜೊತೆಗೆ ಸ್ಪ್ರಿಂಗ್, ಹಡೂಪ್, ಮೈಎಸ್‌ಕ್ಯೂಎಲ್‌ನಂಥ ಮುಕ್ತ ಸಾಮಗ್ರಿ.

ಈ ಗಾತ್ರದ ಯಂತ್ರಕ್ಕೆ ಡೀಬಗರ್ ಸಿಕ್ಕಿಸಿ ಎಫ್6 ಒತ್ತೋಕಾಗುತ್ತಾ? ಆಗಲ್ಲ. ಒಂದು ಯಂತ್ರ ಅಲ್ಲ, ನೂರಾರು. ಒಂದು ಕೋರಿಕೆ ಒಂದು ಯಂತ್ರದಲ್ಲಿ ಶುರುವಾಗಿ, ಸಾಲಿನಲ್ಲಿ ಕಾದು, ಇನ್ನೊಂದರಲ್ಲಿ ಮುಗಿಯುತ್ತೆ. ನಿಮ್ಮ ಬ್ರೇಕ್‌ಪಾಯಿಂಟ್ ಇರೋ ಯಂತ್ರಕ್ಕೆ ಅದು ಬರುತ್ತೆ ಅನ್ನೋ ಖಾತ್ರಿಯೇ ಇಲ್ಲ. ಬಂದ್ರೂ, ನೀವು ಕಾಫಿ ಕುಡೀತಾ ಯೋಚಿಸೋ ಹೊತ್ತಿಗೆ ಹಿಂದೆ ಬಂದ ಕೋರಿಕೆಗಳು ಒಂದೊಂದಾಗಿ ಅದೇ ಸಾಲಿನಲ್ಲಿ ಸಿಕ್ಕಿಕೊಂಡು, 200 ಥ್ರೆಡ್ಡೂ ಖಾಲಿಯಾಗಿ, ಹೊರಗಿರೋರಿಗೆ ಸರ್ವರ್ ಸತ್ತ ಹಾಗೆ ಕಾಣುತ್ತೆ.

2023ರ ಜೂನ್ 18ಕ್ಕೆ ಗೃಹಜ್ಯೋತಿ ನೋಂದಣಿ ಸೇವಾ ಸಿಂಧುವಿನಲ್ಲಿ ಶುರುವಾದಾಗ ಬೆಂಗಳೂರು ಒನ್ ಕೌಂಟರ್‌ಗಳ ಮುಂದೆ ಜನ ‘ಸರ್ವರ್ ಬ್ಯುಸಿ’ ಅನ್ನೋದನ್ನ ಕೇಳಿಸ್ಕೊಂಡು ನಿಂತಿದ್ದು ನೆನಪಿರಬಹುದು. ಅಂಥ ದಿನ ಯಾವ ಪ್ರೋಗ್ರಾಮರ್ರೂ ಅದನ್ನ ನಿಲ್ಲಿಸಿ ನೋಡೋ ಧೈರ್ಯ ಮಾಡಲ್ಲ. ಲ್ಯಾಪ್‌ಟಾಪಿನಲ್ಲಿ ಒಬ್ಬನೇ ಕೂತು ಓಡಿಸಿದಾಗ ಆ ತೊಂದರೆ ಕಾಣಿಸೋದೂ ಇಲ್ಲ. ‘ನನ್ನ ಮಷೀನಲ್ಲಿ ವರ್ಕ್ ಆಗ್ತಿದೆ’ ಅನ್ನೋ ಮಾತನ್ನ ಮ್ಯಾನೇಜರ್‌ಗಳು ನೆಪ ಅಂತ ತಿಳ್ಕೊಳ್ತಾರೆ. ಬಹಳ ಸಲ ಅದು ಅಕ್ಷರಶಃ ನಿಜ.

ಹಾಗಾದ್ರೆ ಏನು ಮಾಡ್ತಾರೆ? ಸಿಸೌಟ್! ಹೆಸರು ಮಾತ್ರ ಲಾಗ್ ಅಂತ. ಯಾವ ಕೋರಿಕೆ, ಎಷ್ಟು ಹೊತ್ತಿಗೆ ಬಂತು, ಎಲ್ಲಿ ಹೋಯ್ತು ಅಂತ ಪ್ರತಿ ಹಂತದಲ್ಲೂ ಒಂದೊಂದು ಸಾಲು ಬರೆಸೋದು, ಪ್ರತಿ ಕೋರಿಕೆಗೂ ಒಂದು ಗುರುತಿನ ಸಂಖ್ಯೆ ಅಂಟಿಸೋದು, ನೂರು ಯಂತ್ರಗಳ ಲಾಗನ್ನ ಒಂದೇ ಕಡೆ ಸೇರಿಸಿ ಆ ಸಂಖ್ಯೆ ಹಿಡಿದು ಹುಡುಕೋದು. ನಿಲ್ಲಿಸದೇ ನೋಡೋ ಉಪಾಯ. ಇಪ್ಪತ್ತು ವರ್ಷ ಡೀಬಗರ್‌ಗಳನ್ನ ಚೆಂದ ಮಾಡಿ, ದೊಡ್ಡ ಕೆಲಸ ಬಂದಾಗ ಕೊನೆಗೆ ‘ಇಲ್ಲಿ ಬಂತು’, ‘ಇಲ್ಲೂ ಬಂತು’ಗೇ ಶರಣಾದ್ರು.

ಅದೂ ಪೂರ್ತಿ ಸುರಕ್ಷಿತ ಅಲ್ಲ ಅಂತ 2021ರ ಡಿಸೆಂಬರ್‌ನಲ್ಲಿ ಗೊತ್ತಾಯ್ತು. ಲಾಗ್ ಬರೆಯೋಕೆ ಜಗತ್ತಿನಾದ್ಯಂತ ಬಳಸೋ ಲಾಗ್4ಜೆ ಅನ್ನೋ ಜಾವಾ ಲೈಬ್ರರಿಯಲ್ಲಿ ಒಂದು ದೋಷ. ಹೊರಗಿನವನು ತನ್ನ ಹೆಸರಿನ ಜಾಗದಲ್ಲೋ ಹುಡುಕಾಟದ ಪೆಟ್ಟಿಗೆಯಲ್ಲೋ ಒಂದು ವಿಶೇಷ ಸಾಲು ಟೈಪ್ ಮಾಡಿದ್ರೆ, ಅದನ್ನ ಲಾಗಿಗೆ ಬರೆಯೋ ಹೊತ್ತಿಗೆ ಆ ಲೈಬ್ರರಿ ಅವನ ಕಂಪ್ಯೂಟರಿಂದ ಕೋಡು ತರಿಸ್ಕೊಂಡು ಓಡಿಸ್ತಿತ್ತು. ಲಾಗ್4ಶೆಲ್ ಅಂತ ಅದಕ್ಕೆ ಹೆಸರು ಬಿತ್ತು. ಬೆಂಗಳೂರಿನಲ್ಲಿ ಆ ವರ್ಷದ ಕ್ರಿಸ್‌ಮಸ್ ರಜೆ ಎಷ್ಟೋ ಜನಕ್ಕೆ ಲೈಬ್ರರಿ ಬದಲಾಯಿಸೋದ್ರಲ್ಲೇ ಹೋಯ್ತು.

ಡೀಬಗ್ ಬಾಗಿಲೂ ಹಾಗೇ. ಪೋರ್ಟ್ 8000ಕ್ಕೆ ಬಂದೋನು ಯಾರು ಅಂತ ಜಾವಾ ಕೇಳೋದೇ ಇಲ್ಲ, ಪಾಸ್‌ವರ್ಡ್ ಇಲ್ಲ. ಒಳಗೆ ಬಂದೋನು ನಿಲ್ಲಿಸಬಹುದು, ನೋಡಬಹುದು, ತನಗೆ ಬೇಕಾದ ಕೋಡೂ ಓಡಿಸಬಹುದು. ಟೆಸ್ಟ್ ಮಾಡೋಕೆ ತೆರೆದಿದ್ದನ್ನ ಮುಚ್ಚೋಕೆ ಮರೆತ್ರೆ ಕಳ್ಳನಿಗೆ ಹಬ್ಬ. ಜಾವಾ 9ರಿಂದ, ಬಿಡಿಸಿ ಹೇಳದ ಹೊರತು, ಅದೇ ಯಂತ್ರದೊಳಗಿನೋರಿಗೆ ಮಾತ್ರ ಈ ಬಾಗಿಲು ತೆರೆಯುತ್ತೆ. ಕಂಟೇನರ್‌ನಲ್ಲಿ ಓಡೋ ಆ್ಯಪಿಗೆ ಡೀಬಗರ್ ಯಾಕೆ ಸಿಕ್ಕಲ್ಲ ಅಂತ ತಲೆ ಕೆಡಿಸ್ಕೊಳ್ಳೋರು ಮೊದಲು ನೋಡ್ಬೇಕಾದ್ದು ಇದನ್ನೇ. ಕಂಟೇನರ್‌ನ ಕಣ್ಣಿಗೆ ನಿಮ್ಮ ಲ್ಯಾಪ್‌ಟಾಪ್ ಹೊರಗಿನೋನು. ವಿಳಾಸದ ಜಾಗದಲ್ಲಿ ನಕ್ಷತ್ರ ಚಿಹ್ನೆ, ಆಮೇಲೆ ಪೋರ್ಟ್ ಸಂಖ್ಯೆ ಹಾಕ್ಬೇಕು. ಲ್ಯಾಪ್‌ಟಾಪಿನಲ್ಲಿ ಮಾತ್ರ.

2014ರ ಏಪ್ರಿಲ್‌ನಲ್ಲಿ ಸ್ಪ್ರಿಂಗ್ ಬೂಟ್ 1.0 ಬಂದಾಗ ಹಳೇ ಸಂಸಾರವೇ ಮಗುಚಿ ಬಿತ್ತು. ಅಲ್ಲಿವರೆಗೆ ಸರ್ವರ್ ಒಳಗೆ ಆ್ಯಪ್ ಹಾಕ್ತಿದ್ವಿ. ಈಗ ಆ್ಯಪ್ ಒಳಗೆ ಟಾಮ್‌ಕ್ಯಾಟ್. ಮುಖ್ಯ ಕ್ಲಾಸಿನ ಮೇಲೆ ಬಲ ಕ್ಲಿಕ್ ಮಾಡಿ ಸಾಮಾನ್ಯ ಜಾವಾ ಪ್ರೋಗ್ರಾಮ್ ಹಾಗೆ ಓಡಿಸಿದ್ರೆ ಸರ್ವರ್ ಎದ್ದು ಕೂತ್ಕೊಳ್ಳುತ್ತೆ. ವಾರ್ ಬೇಡ, ‘ರನ್ ಆನ್ ಸರ್ವರ್’ ಬೇಡ, ಟಿಎಂಪಿ0 ಕೂಡ ಬೇಡ. ‘ಒಪಿಆರ್‌ಎಸ್-ವೆಬ್’ ಥರದ ಹೆಸರುಗಳು ವಿಳಾಸಗಳಿಂದ ಮೆಲ್ಲಗೆ ಮರೆಯಾಗೋಕೆ ಇದೂ ಒಂದು ಕಾರಣ. ಈಗಿನ ಬ್ಯಾಚಿನ ಹುಡುಗರಲ್ಲಿ ಟಾಮ್‌ಕ್ಯಾಟನ್ನ ಬೇರೆಯಾಗಿ ಇಳಿಸ್ಕೊಂಡು ನೋಡದೇ ಇರೋರು ಧಾರಾಳವಾಗಿ ಸಿಗ್ತಾರೆ.

ಅವರು ಎಕ್ಲಿಪ್ಸನ್ನೂ ಹಳೇ ಕಾಲದ್ದು ಅಂತಾರೆ, ವಿಎಸ್ ಕೋಡ್ ತೆರೀತಾರೆ. ಆದ್ರೆ ವಿಎಸ್ ಕೋಡ್‌ನಲ್ಲಿ ಜಾವಾ ಬರೆಯುವಾಗ ತಪ್ಪಿಗೆ ಕೆಂಪು ಗೆರೆ ಎಳೆಯೋದು, ಹೆಸರುಗಳನ್ನ ತುಂಬಿಸೋದು ಎಕ್ಲಿಪ್ಸ್‌ನ ಅದೇ ಜಾವಾ ಎಂಜಿನ್, ಭಾಷಾ ಸರ್ವರ್ ಅಂತ ಬೇರೆ ಅಂಗಿ ತೊಟ್ಕೊಂಡು. ಬ್ರೇಕ್‌ಪಾಯಿಂಟ್ ಇಟ್ಟಾಗ ಕೆಳಗೆ ಓಡೋದೂ 2000ದ ಅದೇ ಜೆಪಿಡಿಎ ಮಾತುಕತೆ.

ಆ ಮಾತುಕತೆಗೂ ಈಗ ಕಷ್ಟಕಾಲ ಬಂದಿದೆ. 2023ರ ಸೆಪ್ಟೆಂಬರ್‌ನಲ್ಲಿ ಬಂದ ಜಾವಾ 21ರಲ್ಲಿ ವರ್ಚುಯಲ್ ಥ್ರೆಡ್‌ಗಳು ಪೂರ್ಣ ರೂಪದಲ್ಲಿ ಸೇರಿದವು. ಇವು ಎಷ್ಟು ಹಗುರ ಅಂದ್ರೆ 200ರ ಲೆಕ್ಕ ಬಿಟ್ಟು ಲಕ್ಷಗಟ್ಟಲೆ ಇಟ್ಕೊಳ್ಳಬಹುದು, ಪ್ರತಿ ಕೋರಿಕೆಗೂ ಹೊಸದೊಂದನ್ನ ಹುಟ್ಟಿಸಿ ಮುಗಿದ್ಮೇಲೆ ಬಿಸಾಡಬಹುದು. ಎಕ್ಲಿಪ್ಸ್‌ನ ಡೀಬಗ್ ಕಿಟಕಿಯಲ್ಲಿ ‘ಎಚ್‌ಟಿಟಿಪಿ 8080 ಎಕ್ಸೆಕ್’ ಅಂತ 1, 2, 3 ಹಚ್ಚಿದ ಥ್ರೆಡ್‌ಗಳ ಪಟ್ಟಿ ನೋಡಿ ಬೆಳೆದೋರಿಗೆ ಇದು ಹೊಸ ಲೋಕ. ಲಕ್ಷ ಸಾಲಿನ ಪಟ್ಟಿ ಯಾರು ನೋಡ್ತಾರೆ? ಅದಕ್ಕೇ ‘ಎಲ್ಲ ಥ್ರೆಡ್ ತೋರಿಸು’ ಅಂತ ಡೀಬಗರ್ ಕೇಳಿದ್ರೂ ಜಾವಾ ವರ್ಚುಯಲ್ ಥ್ರೆಡ್‌ಗಳನ್ನ ಆ ಪಟ್ಟಿಗೆ ಸೇರಿಸೋದಿಲ್ಲ. ಬ್ರೇಕ್‌ಪಾಯಿಂಟಿಗೆ ಬಂದು ಬಿದ್ದದ್ದು ಮಾತ್ರ ಕಣ್ಣಿಗೆ ಕಾಣುತ್ತೆ, ಮಿಕ್ಕಿದ್ದು ನೋಡ್ಬೇಕಾದ್ರೆ ಜೆಸಿಎಂಡಿ ಅನ್ನೋ ಬೇರೆ ಸಾಧನದಿಂದ ಥ್ರೆಡ್ ಡಂಪ್ ತೆಗೆದು, ಕಡತ ಬಿಚ್ಚಿ ಓದ್ಬೇಕು.